ಕಣ್ಣಪಾಪೆಗೆ ನಾಟಕ ಬರುವುದಿಲ್ಲ

ನಮ್ಮಂಥ ಊರುಗಳಲ್ಲಿ ಹೆಂಗಸರಿಗೆ ಬರಲು ಅಪ್ಪಣೆಯಿರುವ ಕಣ್ಣಿನ ಕಾಯಿಲೆಗಳು ಎರಡೇ. ನಲವತ್ತಕ್ಕೆ ಚಾಳೀಸು, ಅರವತ್ತಕ್ಕೆ ಪೊರೆ. ಈ ಎರಡಕ್ಕೂ ಸೇರದೆ, ಮೂವತ್ತೈದರ ಹೆಂಗಸೊಬ್ಬಳು ‘ನನಗೆ ಒಂದು ಕಣ್ಣು ಮಂಜಾಗಿದೆ’ ಎಂದಳೆನ್ನಿ, ಅದು ಕಾಯಿಲೆಯಲ್ಲ. ಟೀವಿ ಜಾಸ್ತಿಯಾಯಿತು, ಮೊಬೈಲು ಜಾಸ್ತಿಯಾಯಿತು, ನಿದ್ದೆ ಕಡಿಮೆಯಾಯಿತು, ರಕ್ತ ಕಡಿಮೆಯಾಯಿತು. ಇಷ್ಟರಲ್ಲಿ ಯಾವುದೂ ಹೊಂದದಿದ್ದರೆ ಕೊನೆಗೆ ‘ಮನಸ್ಸಿನದು’ ಎಂಬ ಚೀಲವೊಂದು ಇದ್ದೇ ಇದೆಯಲ್ಲ! ತಿಳಿಯದ್ದನ್ನೆಲ್ಲ ತುಂಬಿ ಬಾಯಿ ಕಟ್ಟಿಡಲು ಅದಕ್ಕಿಂತ ಅನುಕೂಲದ ಚೀಲ ಇನ್ನೊಂದಿಲ್ಲ.

ಈ ಚೀಲದ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಅಪರೂಪದ ಕಣ್ಣುರೋಗಗಳ ಮಾತು ಬಂದಾಗಲೆಲ್ಲ ‘ಅವನ್ನು ಪತ್ತೆ ಹಚ್ಚುವುದೇ ಕಷ್ಟ ಬಿಡಿ’ ಎನ್ನುತ್ತಾರೆ. ಕಷ್ಟ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಯಾಕೆ ಕಷ್ಟ ಎಂದು ಕೇಳುವವರು ಕಡಿಮೆ. ಯಂತ್ರ ಇಲ್ಲವೆಂದೇ? ಔಷಧ ಇಲ್ಲವೆಂದೇ? ಅಷ್ಟೇ ಅಲ್ಲ. ಈ ರೋಗಗಳಲ್ಲಿ ಹಲವಕ್ಕೆ ಮೊದಲ ಸಾಕ್ಷಿ ರೋಗಿಯ ಬಾಯಿಮಾತು. ಕಣ್ಣು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಕಾಣಿಸುತ್ತಿಲ್ಲ ಎಂದು ಹೇಳುವವಳು ಅವಳೊಬ್ಬಳೇ. ನಮ್ಮ ಮನೆಗಳಲ್ಲಾಗಲಿ ಆಸ್ಪತ್ರೆಗಳಲ್ಲಾಗಲಿ ಎಲ್ಲಕ್ಕಿಂತ ಅಗ್ಗದ ವಸ್ತು ಯಾವುದೆಂದರೆ ಹೆಂಗಸಿನ ಬಾಯಿಮಾತೇ. ಮೊದಲ ಸಾಕ್ಷಿಯನ್ನೇ ಬಾಗಿಲ ಹೊರಗೆ ನಿಲ್ಲಿಸಿ, ಆಮೇಲೆ ಕಳ್ಳ ಸಿಕ್ಕಲಿಲ್ಲ ಎಂದರೆ ತಪ್ಪು ಯಾರದು?

ಪೊರೆಯೇ ಕಣ್ಣುರೋಗ ಎಂಬ ನಂಬಿಕೆ ನಮ್ಮಲ್ಲಿ ಸುಮ್ಮನೆ ಬೇರೂರಿದ್ದಲ್ಲ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ, ಶಿಬಿರ ಹಾಕಿ, ಸಾಲುಸಾಲಾಗಿ ಮಲಗಿದವರ ಕಣ್ಣಿನ ಪೊರೆ ತೆಗೆದದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ತೀರಿಕೊಂಡದ್ದು 2005ರಲ್ಲಿ. ಕಣ್ಣಿನ ಡಾಕ್ಟರು ಎಂದರೆ ಇಂದಿಗೂ ನಮ್ಮ ಹಿರಿಯರ ಕಣ್ಣ ಮುಂದೆ ಬರುವುದು ಅವರದೇ ಮುಖ. ಕೇಂದ್ರ ಸರ್ಕಾರ 1976ರಲ್ಲಿ ಆರಂಭಿಸಿದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ತನ್ನ ಹೆಚ್ಚಿನ ಬಲವನ್ನು ಪೊರೆಯ ಮೇಲೇ ಹಾಕಿತು. ಅದು ತಪ್ಪಲ್ಲ, ಹೆಚ್ಚು ಜನರನ್ನು ಕಾಡುವ ರೋಗಕ್ಕೆ ಮೊದಲು ಕೈಹಾಕಬೇಕಾದದ್ದು ನ್ಯಾಯವೇ. ಆದರೆ ಇದರಿಂದ ನಾವೊಂದು ತಪ್ಪು ಪಾಠವನ್ನೂ ಕಲಿತುಬಿಟ್ಟೆವು. ಪೊರೆ ಬಲಿತರೆ ಪಕ್ಕದ ಮನೆಯವರಿಗೂ ಕಾಣುತ್ತದೆ, ಕಣ್ಣೊಳಗೆ ಬೆಳ್ಳಗೆ. ಹಾಗಾಗಿ ಕಣ್ಣಿನ ಕಾಯಿಲೆ ಎಂದಮೇಲೆ ನೋಡುವವರಿಗೆ ಕಾಣಬೇಕು ಎಂದುಕೊಂಡೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ಅಂಗೈಗೇನೋ ಸರಿ. ಕಣ್ಣಿನ ಹಿಂದಿನ ಹುಣ್ಣಿಗೆ ಅದು ಸಲ್ಲುವುದಿಲ್ಲ.

ಕಣ್ಣು ಎಂದರೆ ಬರಿಯ ಗುಡ್ಡೆಯಲ್ಲ. ಗುಡ್ಡೆಯ ಹಿಂಗೋಡೆಯಲ್ಲಿ ಅಕ್ಷಿಪಟಲವಿದೆ, ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿನರವಿದೆ. ಬಲ್ಬು ಸರಿಯಿದ್ದು ವೈರು ಸುಟ್ಟಿದ್ದರೆ ದೀಪ ಹತ್ತುತ್ತದೆಯೇ? ಎಷ್ಟು ಸಲ ಬಲ್ಬು ಒರೆಸಿದರೇನು! ಗುಡ್ಡೆಯ ಹಿಂಬದಿಯಲ್ಲಿ ಈ ನರ ಊದಿಕೊಂಡಾಗ, ಮೊದಮೊದಲು ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡಿದರೂ ಏನೂ ಸಿಗದೆ ಇರಬಹುದು. ರೋಗಿಗೂ ಏನೂ ಕಾಣಿಸುವುದಿಲ್ಲ, ಡಾಕ್ಟರಿಗೂ ಏನೂ ಕಾಣಿಸುವುದಿಲ್ಲ ಎಂದು ಕಣ್ಣಿನ ಡಾಕ್ಟರುಗಳೇ ಹೇಳಿಕೊಳ್ಳುವ ಹಳೆಯ ಮಾತೊಂದಿದೆ. ಮಾತೇನೋ ಚಮತ್ಕಾರದ್ದು. ಆದರೆ ಅದರ ಮೊದಲರ್ಧವನ್ನು ಮರೆತು ಎರಡನೆಯ ಅರ್ಧವನ್ನಷ್ಟೇ ನೆನಪಿಟ್ಟುಕೊಂಡವರ ಕೈಗೆ ಸಿಕ್ಕಿದವಳ ಗತಿ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ.

ನನ್ನ ನಾದಿನಿ ರವಿಕೆ ಹೊಲಿಯುವವಳು. 2017ರ ಮಾತು, ಅವಳಿಗಾಗ ಮೂವತ್ತನಾಲ್ಕು. ಮೊದಲು ಅವಳಿಗೆ ಬಂದದ್ದು ಬಿಕ್ಕಳಿಕೆ ಮತ್ತು ವಾಂತಿ. ಎರಡು ವಾರ ಬಿಡದೆ ಕಾಡಿತು. ಅವಳ ಅತ್ತೆಯ ಮನೆಯಲ್ಲಿ ‘ಏನಮ್ಮಾ, ವಿಶೇಷವೇ?’ ಎಂದು ಕೇಳಿ ನಕ್ಕರು. ವಿಶೇಷವಲ್ಲ ಎಂದು ಗೊತ್ತಾದಮೇಲೆ ಗ್ಯಾಸಿನ ಗುಳಿಗೆ ಕೊಡಿಸಿದರು. ಅದು ತಾನಾಗಿ ನಿಂತು ಎರಡು ತಿಂಗಳಾದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದವಳು, ಕೆಂಪು ದಾರದ ಉಂಡೆಯೊಂದನ್ನು ಹಿಡಿದು, ಒಮ್ಮೆ ಆ ಕಣ್ಣು ಒಮ್ಮೆ ಈ ಕಣ್ಣು ಮುಚ್ಚಿ ನೋಡುತ್ತ, ‘ಅತ್ತಿಗೆ, ಎಡಗಣ್ಣಿಗೆ ಕೆಂಪು ಅನ್ನೋದು ಕೆಂಪಾಗೇ ಇಲ್ಲ, ಒಗೆದೊಗೆದು ಮಾಸಿದ ಹಾಗಿದೆ. ಕಣ್ಣು ಹೊರಳಿಸಿದರೆ ಹಿಂದೆ ನೋವು’ ಎಂದಳು.

ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿ ಕನ್ನಡಕ ಕೊಟ್ಟರು. ಅದರಿಂದ ಏನೂ ಆಗದೆ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿನ ಡಾಕ್ಟರು ಅವಳನ್ನು ನೋಡಿದ್ದು ಐದು ನಿಮಿಷ, ಮಾತಾಡಿದ್ದು ಅವಳ ಗಂಡನ ಜೊತೆ. ‘ಕಣ್ಣು ಕ್ಲೀನಾಗಿದೆ. ಮನೆಯಲ್ಲಿ ಏನಾದರೂ ಗಲಾಟೆಯಾ?’ ಎಂದರು. ಅವನು ತಲೆ ತಗ್ಗಿಸಿದ. ಯಾವ ಮನೆಯಲ್ಲಿ ಗಲಾಟೆಯಿಲ್ಲ ಹೇಳಿ? ಅಷ್ಟೇ ಸಾಕಾಯಿತು, ನಿದ್ದೆಯ ಗುಳಿಗೆ ಬರೆದುಕೊಟ್ಟರು. ಕೆಂಪಿನ ಮಾತನ್ನು ಅವಳು ಹೇಳಿದಳು, ಕೇಳಿಸಿಕೊಂಡವರಿಲ್ಲ. ಮೂರು ವಾರದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿದು, ಕಾಲು ಊರಲಾಗದೆ, ದೊಡ್ಡ ಊರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ರೋಗಕ್ಕೆ ಒಂದು ಹೆಸರು ಸಿಕ್ಕಿತು. ಕಾಲು ಬಂದವು. ಎಡಗಣ್ಣು ಬರಲಿಲ್ಲ.

ಆ ಹೆಸರು ನ್ಯೂರೋಮಯಲೈಟಿಸ್ ಆಪ್ಟಿಕ. ದೃಷ್ಟಿನರವನ್ನೂ ಬೆನ್ನುಹುರಿಯನ್ನೂ ಹಿಡಿಯುವ ರೋಗ. ನಮ್ಮನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿ ತಪ್ಪಿ ನಮ್ಮ ನರಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮಿದುಳಿನ ಬುಡಕ್ಕೆ ತಾಗಿದರೆ ನಿಲ್ಲದ ಬಿಕ್ಕಳಿಕೆ, ವಾಂತಿ. ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಯೂಜೀನ್ ಡೆವಿಕ್ 1894ರಲ್ಲೇ ಇದನ್ನು ವಿವರಿಸಿದ್ದರು. ಆದರೆ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ನರರೋಗದಿಂದ ಬೇರೆಯಾಗಿ ಗುರುತಿಸುವ ರಕ್ತದ ಗುರುತು ಸಿಕ್ಕಿದ್ದು 2004ರಲ್ಲಿ, ನೂರಾಹತ್ತು ವರ್ಷ ಕಳೆದಮೇಲೆ. ಎರಡನ್ನೂ ಒಂದೇ ಎಂದುಕೊಂಡರೆ ಅಪಾಯ. ಅದಕ್ಕೆ ಕೊಡುವ ಕೆಲವು ಔಷಧಗಳು ಇದನ್ನು ಕೆರಳಿಸುತ್ತವೆ. ಆ ರಕ್ತದ ಗುರುತು ಇರುವ ರೋಗಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂದಿ ಹೆಂಗಸರು. ನಮ್ಮ ಮಂಗಳೂರಿನಲ್ಲೇ ನರವೈದ್ಯೆ ಡಾ. ಲೇಖಾ ಪಂಡಿತ್ ಮತ್ತು ಅವರ ಜೊತೆಯವರು ಇಂಥ ರೋಗಿಗಳ ದಾಖಲೆಯನ್ನು ವರ್ಷಗಳಿಂದ ಇಟ್ಟುಕೊಂಡು ಬಂದು ಅಧ್ಯಯನ ಮಾಡಿದ್ದಾರೆ. ಅಂದರೆ ಇದು ಯಾವುದೋ ದೂರದೇಶದ ಕಾಯಿಲೆಯೇನೂ ಅಲ್ಲ.

ಈಗ ನನ್ನ ಪ್ರಶ್ನೆ. ಮೊದಲ ದಿನವೇ ರೋಗದ ಹೆಸರು ಹೇಳಬೇಕಿತ್ತೆಂದು ನಾನು ಯಾರನ್ನೂ ಕೇಳುತ್ತಿಲ್ಲ. ಅಪರೂಪದ ರೋಗವನ್ನು ಊರಿನ ಡಾಕ್ಟರೊಬ್ಬರು ವರ್ಷಗಟ್ಟಲೆ ಕಾಣದಿರಬಹುದು. ಅವರಿಗೂ ದಿನಕ್ಕೆ ನೂರು ಜನ ಕಾದಿರುತ್ತಾರೆ. ನಾನು ಕೇಳುವುದು ಒಂದು ಟಾರ್ಚಿನ ಬೆಳಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗಿದರೆ ಒಳ್ಳೆಯ ಕಣ್ಣಿನ ಪಾಪೆ ಕಿರಿದಾಗಿ ನಿಲ್ಲುತ್ತದೆ. ನರ ಕೆಟ್ಟ ಕಣ್ಣಿಗೆ ಬೆಳಕು ಬಂದಾಗ ಕಿರಿದಾಗಬೇಕಾದ ಪಾಪೆ ಹಿಗ್ಗುತ್ತದೆ. ಮಾರ್ಕಸ್ ಗನ್ ಎಂಬ ಕಣ್ಣುವೈದ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಗುರುತಿದು. ಇದಕ್ಕೆ ಕರೆಂಟು ಬೇಡ, ಲಕ್ಷದ ಯಂತ್ರ ಬೇಡ, ಹಿಡಿಯುವುದು ಒಂದು ನಿಮಿಷ. ಹೆಂಗಸು ಅಳಬಹುದು, ಜಗಳವಾಡಬಹುದು, ನಿಮ್ಮ ಪ್ರಕಾರ ನಾಟಕವನ್ನೂ ಆಡಬಹುದು. ಅವಳ ಕಣ್ಣಪಾಪೆಗೆ ಮಾತ್ರ ನಾಟಕ ಬರುವುದಿಲ್ಲ. ಹಾಗಿರುವಾಗ ಟಾರ್ಚು ಹಿಡಿಯುವ ಮೊದಲು ಮನೆಯ ಗಲಾಟೆಯ ಮಾತು ಯಾಕೆ ಬಂತು?

ಇನ್ನೊಂದು ರೋಗ ನೋಡಿ. ಮಯಸ್ತೀನಿಯ ಗ್ರೇವಿಸ್ ಎಂದು ಅದರ ಹೆಸರು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ದಾರಿಯಲ್ಲೇ ಸೊರಗುತ್ತದೆ. ಬಹಳ ಜನರಲ್ಲಿ ಇದು ಮೊದಲು ಕಾಣಿಸಿಕೊಳ್ಳುವುದು ಕಣ್ಣಿನಲ್ಲೇ: ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಚಿಕ್ಕ ವಯಸ್ಸಿನಲ್ಲಿ ಬಂದರೆ ಹೆಂಗಸರಿಗೇ ಹೆಚ್ಚು. ಇದರ ಸ್ವಭಾವವೇನೆಂದರೆ ದಣಿದಂತೆ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ರೆಪ್ಪೆ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಕೆಳಗಿಳಿದಿರುತ್ತದೆ. ಡಾಕ್ಟರ ಹತ್ತಿರ ಹೋಗುವುದು ಯಾವಾಗ? ಬೆಳಿಗ್ಗೆ, ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು. ಆಗ ಕಣ್ಣು ಅರಳಿದ ಹೂವಿನ ಹಾಗಿರುತ್ತದೆ! ಮನೆಯಲ್ಲಂತೂ ಇನ್ನೂ ಸುಲಭದ ತೀರ್ಪು: ಅಡುಗೆಯ ಹೊತ್ತಿಗೇ ಇವಳಿಗೆ ಕಣ್ಣು ಮುಚ್ಚುತ್ತದೆ, ಸೋಮಾರಿತನಕ್ಕೊಂದು ನೆಪ. ರೋಗದ ಮುಖ್ಯ ಲಕ್ಷಣವನ್ನೇ ಅವಳ ಸುಳ್ಳಿಗೆ ಪುರಾವೆ ಮಾಡಿಕೊಳ್ಳುವ ಇಂಥ ನ್ಯಾಯ ಬೇರೆಲ್ಲಾದರೂ ಇದೆಯೇ?

ಈ ರೋಗದ ಚಿಕಿತ್ಸೆಗೆ ದಾರಿ ತೋರಿದವರು ಒಬ್ಬ ಹೆಂಗಸು ಎಂಬುದನ್ನು ಇಲ್ಲಿ ಹೇಳದಿರಲಾರೆ. ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿದ್ದ ಡಾ. ಮೇರಿ ವಾಕರ್, ಈ ರೋಗದ ದುರ್ಬಲತೆ ಕ್ಯುರಾರೆ ಎಂಬ ಬಾಣವಿಷ ಏರಿದವರ ದುರ್ಬಲತೆಯನ್ನೇ ಹೋಲುತ್ತದೆಂದು ಗಮನಿಸಿ, ಆ ವಿಷಕ್ಕೆ ಮದ್ದಾದ ಫೈಸೋಸ್ಟಿಗ್ಮಿನ್ ಕೊಟ್ಟು ನೋಡಿದರು. ಜೋತ ರೆಪ್ಪೆ ಎದ್ದಿತು. ಅದನ್ನು ಅವರು ಪ್ರಕಟಿಸಿದ್ದು 1934ರಲ್ಲಿ. ಇವತ್ತು ಅನುಮಾನ ಬಂದರೆ ಮೊದಲ ಪರೀಕ್ಷೆಗೆ ಬೇಕಾದದ್ದು ಫ್ರಿಜ್ಜಿನ ಐಸು. ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದಾಗ ಜೋಲು ಕಡಿಮೆಯಾದರೆ ಈ ರೋಗವಿರಬಹುದೆಂದು ಡಾಕ್ಟರು ಮುಂದಿನ ಪರೀಕ್ಷೆಗಳಿಗೆ ಕಳಿಸುತ್ತಾರೆ. ಕಳಿಸಲೇಬೇಕು, ಯಾಕೆಂದರೆ ಕಣ್ಣಿನಲ್ಲಿ ಶುರುವಾದದ್ದು ಕೆಲವರಲ್ಲಿ ನುಂಗುವ, ಉಸಿರಾಡುವ ಸ್ನಾಯುಗಳಿಗೂ ಹೋಗುತ್ತದೆ. ನೆಪ ಎಂದು ಗದರಿಸಿ ಕೂರಿಸುವ ವಿಷಯವಲ್ಲ.

ಮೂರನೆಯದು ನಮ್ಮ ಸಮಾಜಕ್ಕೇ ಕನ್ನಡಿ ಹಿಡಿಯುವಂಥ ರೋಗ. ಅದಕ್ಕೆ ಮೂವರು ವೈದ್ಯರ ಹೆಸರು: ವೋಗ್ಟ್, ಕೊಯನಗಿ, ಹರಾದ. ಮೊದಲಿನವರು ಸ್ವಿಟ್ಜರ್‌ಲೆಂಡಿನವರು, ಉಳಿದಿಬ್ಬರು ಜಪಾನಿನವರು. 1906, 1926, 1929 ಹೀಗೆ ಬೇರೆಬೇರೆ ವರ್ಷಗಳಲ್ಲಿ ಒಬ್ಬೊಬ್ಬರೂ ವಿವರಿಸಿದ್ದು ಒಂದೇ ರೋಗದ ಬೇರೆಬೇರೆ ಮುಖ ಎಂದು ತಿಳಿಯಲು ಸಮಯ ಬೇಕಾಯಿತು. ಮೈಗೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹವೇ ದಾಳಿ ಮಾಡುವ ರೋಗವಿದು. ಆ ಕೋಶಗಳು ಕಣ್ಣಿನಲ್ಲಿವೆ, ಒಳಕಿವಿಯಲ್ಲಿವೆ, ಚರ್ಮದಲ್ಲಿವೆ, ಕೂದಲಲ್ಲಿವೆ, ಮಿದುಳಿನ ಹೊದಿಕೆಯಲ್ಲೂ ಇವೆ. ಹಾಗಾಗಿ ಮೊದಲು ತಲೆನೋವು, ಕತ್ತು ಬಿಗಿತ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಆಮೇಲೆ ಎರಡೂ ಕಣ್ಣು ಮಬ್ಬು. ವಾರಗಳು, ತಿಂಗಳುಗಳು ಕಳೆದ ಮೇಲೆ ರೆಪ್ಪೆಗೂದಲು ಬೆಳ್ಳಗಾಗುವುದು, ಚರ್ಮದ ಮೇಲೆ ಬಿಳಿ ಮಚ್ಚೆ.

ನಮ್ಮ ಹೆಂಗಸು ಏನು ಮಾಡುತ್ತಾಳೆ? ತಲೆನೋವಿಗೆ ಒಬ್ಬ ಡಾಕ್ಟರು, ಕಿವಿಗೆ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು. ಚೀಟಿಗಳು ಮೂರು ಕವರಿನಲ್ಲಿ. ಇನ್ನು ಬಿಳಿ ಮಚ್ಚೆ? ಅದನ್ನು ಯಾರಿಗೂ ತೋರಿಸುವುದೇ ಇಲ್ಲ. ತೊನ್ನು ಎಂಬ ಮಾತು ಹೊರಬಿದ್ದರೆ ಮಗಳ ಮದುವೆ ಏನಾಗಬೇಕು? ತಂಗಿಯ ಸಂಬಂಧ ಏನಾಗಬೇಕು? ಉದ್ದ ತೋಳಿನ ರವಿಕೆ ಹೊಲಿಸಿ ಮುಚ್ಚಿಕೊಳ್ಳುತ್ತಾಳೆ. ಎಲ್ಲವನ್ನೂ ಒಂದಕ್ಕೊಂದು ಸೇರಿಸಬಲ್ಲ ದಾರವನ್ನು ನಾವೇ ತೋಳಿನೊಳಗೆ ಅಡಗಿಸಿಡುತ್ತೇವೆ. ಅಡಗಿಸಿಡಲು ಅವಳಿಗೆ ಕಲಿಸಿದವರು ನಾವೆಲ್ಲ. ಬೇಗನೆ ಗುರುತಿಸಿ ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದರೆ ಬಹುಮಂದಿಯ ದೃಷ್ಟಿ ಉಳಿಯುತ್ತದೆ. ತಡವಾದರೆ ಮರಳಿ ಮರಳಿ ಬಂದು ಕಣ್ಣಿನ ಒತ್ತಡ, ಪೊರೆ ಎಲ್ಲವನ್ನೂ ಹಿಂದೆ ಕರೆತರುತ್ತದೆ.

ಸ್ಟೀರಾಯ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಣ್ಣು ಕೆಂಪಾದರೆ ಔಷಧದ ಅಂಗಡಿಗೆ ಹುಡುಗನನ್ನು ಓಡಿಸಿ ‘ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ’ ಎನ್ನುವುದು ನಮ್ಮಲ್ಲಿ ಬೆಳೆದ ರೂಢಿ. ಎಷ್ಟೋ ಸಲ ಸಿಗುವ ಹನಿಯಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ನಮಗೆ ಸಂತೋಷ. ಒಳಗಿನ ಉರಿಯೂತ ಅರ್ಧ ಆರಿ ಅರ್ಧ ಉಳಿದು, ಆಮೇಲೆ ನೋಡುವ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ಹೇಳುವವರಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರವೇ ಸಾಯಬಹುದು. ಅದೇ ಔಷಧ ಡಾಕ್ಟರ ಕೈಯಲ್ಲಿ ದೀಪ, ಅಂಗಡಿಯ ಕೈಯಲ್ಲಿ ಕೊಳ್ಳಿ.

‘ಎಲ್ಲವನ್ನೂ ರೋಗ ಎನ್ನುತ್ತೀರಲ್ಲ, ಮನಸ್ಸಿನಿಂದ ಕಣ್ಣು ಕಾಣದಾಗುವುದೇ ಇಲ್ಲವೇ?’ ಎಂದು ಯಾರಾದರೂ ಕೇಳಬಹುದು. ಆಗುತ್ತದೆ. ಅದನ್ನು ವೈದ್ಯರು ಬಲ್ಲರು, ಅದಕ್ಕೂ ಪರೀಕ್ಷೆಗಳಿವೆ, ಅಂಥವಳ ಸಂಕಟವೂ ಸಂಕಟವೇ. ಆದರೆ ಅದು ಎಲ್ಲ ಬಾಗಿಲು ತಟ್ಟಿದ ಮೇಲೆ ತಲುಪಬೇಕಾದ ಕೊನೆಯ ಮನೆ. ನಮ್ಮಲ್ಲಿ ಅದು ಮೊದಲನೆಯ ಮನೆಯಾಗಿದೆ. ಗಂಡಸೊಬ್ಬ, ಅದೂ ಬಸ್ಸು ಓಡಿಸುವವನೋ ಆಫೀಸಿನಲ್ಲಿ ಕೂರುವವನೋ ‘ಒಂದು ಕಣ್ಣು ಮಂಜು’ ಎಂದರೆ ಆ ದಿನವೇ ಸಂಬಳದ ರಜೆ ಹಾಕಿಸಿ ದೊಡ್ಡಾಸ್ಪತ್ರೆಗೆ ಹೊರಡುತ್ತಾರೆ. ಅದೇ ಮನೆಯ ಹೆಂಗಸಿಗೆ ‘ಗೃಹಪ್ರವೇಶ ಮುಗಿಯಲಿ’, ‘ಪರೀಕ್ಷೆ ಮುಗಿಯಲಿ’, ‘ಗೌರಿಹಬ್ಬ ಕಳೆಯಲಿ’. ನರ ನಮ್ಮ ಪಂಚಾಂಗ ನೋಡಿಕೊಂಡು ಸಾಯುತ್ತದೆಯೇ?

‘ಅಪರೂಪದ್ದು, ನಮಗೆ ಯಾಕೆ ಬರುತ್ತದೆ’ ಎಂಬುದು ಇನ್ನೊಂದು ಸಮಾಧಾನ. ಅಪರೂಪ ಎಂಬುದು ಲೆಕ್ಕ ಬರೆಯುವವರ ಮಾತು. ಬಂದವಳಿಗೆ ಅದು ನೂರಕ್ಕೆ ನೂರು. ಅಲ್ಲದೆ ಒಂದೊಂದೂ ಅಪರೂಪವಾದರೂ ಇಂಥವು ಹಲವಾರಿವೆ. ಐವತ್ತು ದಾಟಿದವರಲ್ಲಿ, ನಮ್ಮ ಕಡೆ ಕಡಿಮೆಯಾದರೂ, ಕಪಾಲದ ರಕ್ತನಾಳ ಊದುವ ರೋಗವಿದೆ: ಹಣಿಗೆ ತಾಗಿದರೆ ನೆತ್ತಿ ನೋಯುತ್ತದೆ, ಅಗಿದರೆ ದವಡೆ ಸೋಲುತ್ತದೆ, ಒಂದು ದಿನ ಒಂದು ಕಣ್ಣು ತಟ್ಟನೆ ಆರುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ದಿನಗಳಲ್ಲೇ ಇನ್ನೊಂದೂ ಹೋಗಬಹುದು. ತಲೆ ಬಾಚುವಾಗಿನ ನೋವನ್ನು ಕಣ್ಣಿನ ಡಾಕ್ಟರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೆ ಹೊಳೆಯುತ್ತದೆ?

ಅದಕ್ಕೇ ಅಕ್ಕತಂಗಿಯರೇ, ಹೇಳುವುದನ್ನು ನಾವು ಕಲಿಯಬೇಕು, ಕೇಳಿಸಿಕೊಳ್ಳುವುದನ್ನು ಅವರು ಕಲಿಯಬೇಕು. ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಅಂಕಿ ನೋಡಿ; ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ. ಅದರಲ್ಲೂ ಹೆಂಗಸರ ಬುದ್ಧಿಯೇ ಇರಬೇಕು! ಕುಂಕುಮದ ಭರಣಿಯ ಕೆಂಪು ಎರಡೂ ಕಣ್ಣಿಗೆ ಒಂದೇ ಕೆಂಪೇ, ನೋಡಿ. ಯಾವ ಕಣ್ಣು, ಯಾವ ದಿನದಿಂದ, ಯಾವ ಹೊತ್ತಿನಲ್ಲಿ ಎಂದು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಸಂಜೆ ಜೋತ ರೆಪ್ಪೆಯನ್ನು ಮಗನ ಮೊಬೈಲಿನಲ್ಲಿ ಫೋಟೋ ತೆಗೆಸಿಡಿ. ಕಿವಿ, ತಲೆ, ಚರ್ಮ, ಕೈಕಾಲು ಎಲ್ಲದರ ಚೀಟಿಗಳನ್ನೂ ಒಂದೇ ಕವರಿಗೆ ಹಾಕಿ ಒಯ್ಯಿರಿ. ಡಾಕ್ಟರ ಮುಂದಿನ ಕುರ್ಚಿಯಲ್ಲಿ ನೀವು ಕೂತು ನೀವೇ ಮಾತಾಡಿ. ಜೊತೆಗೆ ಬಂದವರು ಹಿಂದೆ ನಿಲ್ಲಲಿ. ಕನ್ನಡಕದ ನಂಬರು ನೋಡಿದ್ದು ಕಣ್ಣಿನ ಪರೀಕ್ಷೆಯಲ್ಲ, ಅದರ ಒಂದು ಭಾಗ ಎಂದು ತಿಳಿದಿರಲಿ. ‘ಪಾಪೆ ಹಿಗ್ಗಿಸಿ ನೋಡಿದಿರಾ? ನರ ನೋಡಿದಿರಾ?’ ಎಂದು ಕೇಳಲು ನಾಚಿಕೆ ಬೇಡ. ಕಾರಣ ಸಿಗದಿದ್ದರೆ ‘ಏನೂ ಇಲ್ಲ’ ಎನ್ನುವುದರ ಬದಲು ‘ನನಗೆ ತಿಳಿಯುತ್ತಿಲ್ಲ, ಇನ್ನೊಬ್ಬರಿಗೆ ತೋರಿಸಿ’ ಎಂದು ಚೀಟಿ ಬರೆದುಕೊಡಲಿ. ಹಾಗೆ ಬರೆದುಕೊಡುವ ಡಾಕ್ಟರಿಗೆ ನಾನು ಕೈಮುಗಿಯುತ್ತೇನೆ. ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಗಳಿವೆ, 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇದೆ, ನರದ ವಿಷಯಕ್ಕೆ ನಿಮ್ಹಾನ್ಸ್ ಇದೆ. ದಾರಿ ದೂರವಿರಬಹುದು, ಇಲ್ಲವೆಂದಲ್ಲ.

ಆ ದೂರದ ದಾರಿಯ ಮೊದಲ ಹೆಜ್ಜೆ ಇರುವುದು ನಮ್ಮ ನಡುಮನೆಯಲ್ಲೇ. ಮನೆಯ ಹೆಂಗಸೊಬ್ಬಳು, ಅವಳು ಅತ್ತೆಯಾಗಲಿ ಸೊಸೆಯಾಗಲಿ, ಅಕ್ಕಿ ಆರಿಸುತ್ತ ‘ಯಾಕೋ ಕಣ್ಣು ಸರಿಯಾಗಿ ಕಾಣ್ತಿಲ್ಲ’ ಎಂದರೆ ‘ವಯಸ್ಸಾಯ್ತಲ್ಲ’ ಎಂದು ನಗುವ ಬದಲು ಎರಡೇ ಪ್ರಶ್ನೆ ಕೇಳಿ. ಯಾವ ಕಣ್ಣು? ಯಾವಾಗಿನಿಂದ? ಈ ಎರಡಕ್ಕೆ ದುಡ್ಡು ಬೇಕಿಲ್ಲ, ಓದು ಬೇಕಿಲ್ಲ. ಕೇಳಿದ ಮೇಲೆ ಅವಳು ಹೇಳುವ ಉತ್ತರವನ್ನು ನಂಬಿದರೆ ಸಾಕು.